ನಾಲ್ಕಕ್ಕೆ ನೀರು

ಹೆರಿಗೆಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನೋವು ಯಾವಾಗ ಶುರುವಾಯಿತು, ಟಾಂಗಾ ಸಿಕ್ಕಿತೋ ಟೆಂಪೋ ಸಿಕ್ಕಿತೋ, ಕೂಸಿಗೆ ಯಾರ ಮೂಗು ಬಂದಿತ್ತು ಎಂಬುದನ್ನೆಲ್ಲ ಮದುವೆಮನೆಯಲ್ಲಿ, ಬಸ್ಸಿನಲ್ಲಿ, ಹೂವು ಕಟ್ಟುತ್ತ ಕುಳಿತಲ್ಲಿ ಹೇಳಿದ್ದನ್ನೇ ಹೇಳುತ್ತೇವೆ. ಅದಾದ ಮೇಲೆ ಮುಟ್ಟು ಮರಳಿ ಬಂದ ಕಥೆಯನ್ನು ಮಾತ್ರ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಅದರಲ್ಲಿ ಹೇಳುವಂಥದ್ದೇನಿದೆ ಎಂದು ನಾನೂ ಇಷ್ಟು ವರ್ಷ ಸುಮ್ಮನಿದ್ದೆ. ಮೊನ್ನೆ ತಮ್ಮನ ಹೆಂಡತಿಯ ಜೊತೆಗೆ ಬೈಲಹೊಂಗಲದ ಒಂದು ದವಾಖಾನೆಗೆ ಹೋಗಿದ್ದೆ. ಅಲ್ಲಿ ಎಳೆಯ ಬಾಣಂತಿಯೊಬ್ಬಳು, ನರ್ಸ್ ಕೇಳಿದ ಪ್ರಶ್ನೆಗೆ, ನಾನು ಒಂದಾನೊಂದು ಕಾಲಕ್ಕೆ ಕೊಟ್ಟಿದ್ದ ಉತ್ತರವನ್ನೇ ಚಾಚೂ ತಪ್ಪದೆ ಕೊಟ್ಟಳು. ಮನೆಗೆ ಬಂದವಳೇ ಇದನ್ನು ಬರೆಯಲು ಕುಳಿತೆ.

ನನ್ನ ತವರು ಬೈಲಹೊಂಗಲ, ಗಂಡನ ಮನೆ ರಾಮದುರ್ಗ. ತೊಂಬತ್ತರ ದಶಕದ ನಡುವಿನ ಮಾತು ಇದು. ರಾಮದುರ್ಗದಲ್ಲಿ ಮಲಪ್ರಭೆಯ ಕಡೆಗೆ ಇಳಿಯುವ ಓಣಿಯಲ್ಲಿ ನಮ್ಮ ಮನೆ. ಮನೆಯಲ್ಲಿ ನಮ್ಮವರು, ಅವರ ತಾಯಿ, ನಾನು. ನಮ್ಮವರು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಮಾವನವರು ನನ್ನ ಮದುವೆಗೆ ಮುಂಚೆಯೇ ತೀರಿಹೋಗಿದ್ದರು. ಮನೆ ನಡೆಯುತ್ತಿದ್ದದ್ದು ಅತ್ತೆಯವರ ಮಡಿಯ ಮೇಲೆ. ಒದ್ದೆ ಸೀರೆ ಉಟ್ಟು ನೀರು ತುಂಬುವುದು, ಆ ನೀರಿನಲ್ಲೇ ಅಡಿಗೆ, ಆ ಅಡಿಗೆಯದೇ ನೈವೇದ್ಯ, ಆಮೇಲೆ ನಮ್ಮ ಊಟ. ಅವರು ಜಗಳದ ಹೆಣ್ಣುಮಗಳಲ್ಲ. ಸದ್ದೂ ಮಾಡುತ್ತಿರಲಿಲ್ಲ. ಆದರೆ ಅವರು ಒಳಗಿದ್ದಾರೆ ಎಂದರೆ ಬೆಕ್ಕು ಕೂಡ ಹೊಸ್ತಿಲ ಆಚೆ ಕುಳಿತು ಮೈ ನೆಕ್ಕಿಕೊಳ್ಳುತ್ತಿತ್ತು.

ತಿಂಗಳ ಆ ದಿನಗಳು ಬಂದರೆ ಹಿತ್ತಲ ಪಡಸಾಲೆಯಲ್ಲಿ ಚಾಪೆ, ಒಂದು ತಂಬಿಗೆ, ಒಂದು ತಾಟು. ಮೂರು ದಿನ ಅಲ್ಲೇ. ನಾಲ್ಕನೆಯ ದಿನ ನಸುಕಿನಲ್ಲಿ ತಲೆಯ ಮೇಲೆ ನೀರು ಸುರಿದುಕೊಂಡರೆ ಒಳಗೆ. ಇದಕ್ಕೆ ನಮ್ಮ ಮನೆಗಳಲ್ಲಿ ‘ನಾಕಕ್ಕ ನೀರು’ ಎನ್ನುತ್ತಿದ್ದರು. ಯಾರಾದರೂ ಹೆಣ್ಣುಮಗಳು ಕಾಣಲಿಲ್ಲವೆಂದರೆ ‘ಅಕಿದು ನಾಡಿದ್ದು ನೀರು’ ಎಂದರೆ ಮುಗಿಯಿತು, ಹೆಚ್ಚಿನದು ಯಾರೂ ಕೇಳುತ್ತಿರಲಿಲ್ಲ.

ಚೊಚ್ಚಲ ಹೆರಿಗೆ ತವರಿನಲ್ಲಿ ಆಯಿತು. ದವಾಖಾನೆಗೆ ಹೋಗುವಷ್ಟು ಪುರಸೊತ್ತನ್ನೇ ಕೂಸು ಕೊಡಲಿಲ್ಲ. ಮನೆಯ ನಡುಕೋಣೆಯಲ್ಲಿ, ಓಣಿಯ ಸೂಲಗಿತ್ತಿ ಬಂದು ಬಾಗಿಲು ಹಾಕಿಕೊಳ್ಳುವಷ್ಟರಲ್ಲಿ ಹುಟ್ಟಿಬಿಟ್ಟಳು. ಅವ್ವ ಬಾಣಂತನ ಚೆನ್ನಾಗಿ ಮಾಡಿದಳು. ಅಳವಿ ಪಾಯಸ, ಅಂಟಿನ ಉಂಡಿ, ಬೆನ್ನಿಗೆ ಬಿಸಿನೀರು, ಕೂಸಿಗೆ ಧೂಪ. ಐದು ತಿಂಗಳು ತುಂಬಿದ ಮೇಲೆ ಕೂಸನ್ನು ಕಟ್ಟಿಕೊಂಡು ರಾಮದುರ್ಗಕ್ಕೆ ಬಂದೆ. ಹೆಸರು ರಮಾ ಎಂದಿಟ್ಟಿದ್ದೆವು, ಆದರೆ ಬಹಳ ದಿನ ಅವಳು ಎಲ್ಲರಿಗೂ ಬರೀ ಕೂಸು.

ಬಂದು ಕೆಲವೇ ದಿನಕ್ಕೆ ಹೊರಗಾದೆ. ಹೆರಿಗೆಯ ನಂತರ ಅದೇ ಮೊದಲು. ಹಿತ್ತಲಲ್ಲಿ ಚಾಪೆ ಹಾಸಿಕೊಂಡು ಕುಳಿತಾಗ, ಮೋಟುಗೋಡೆಯ ಆಚೆಯಿಂದ ಪಕ್ಕದ ಮನೆಯ ಗಂಗವ್ವ ಕಂಡಳು. ಅವಳ ಗಂಡ ಶೇಂಗಾ ವ್ಯಾಪಾರಿ, ಲಿಂಗವಂತರ ಮನೆ. ಅವರಲ್ಲಿ ಹೊರಗೆ ಕೂಡುವ ಪದ್ಧತಿ ಇಲ್ಲ.

“ಏನ್ರಿ ಬಾಯಾರ, ರಜಾ ಸಿಕ್ತೇನು?” ಎಂದಳು. “ಚಲೋ ಐತಿ ನಿಮ್ದು. ನಮಗ ಇದೊಂದು ರಜಾನೂ ಇಲ್ಲ ನೋಡ್ರಿ, ಹೊಟ್ಟಿ ಹಿಡಕೊಂಡ ರೊಟ್ಟಿ ಬಡೀಬೇಕು.”

ಅವಳ ಮಾತು ಸುಳ್ಳೇನೂ ಆಗಿರಲಿಲ್ಲ. ಹೊರಗೆ ಕುಳಿತ ದಿನ ನೀರು ಸೇದುವುದಿಲ್ಲ, ಒರಳು ತಿರುವುವುದಿಲ್ಲ. ಕೂಸಿನ ಜೊತೆ ದಿನವಿಡೀ ನಾನೇ. ಆದರೆ ಕೂಸಿನದೇ ಒಂದು ತೊಡಕು ಇತ್ತು. ನಾನು ಮುಟ್ಟಿದ ಕೂಸನ್ನು ಅತ್ತೆ ಎತ್ತಿಕೊಳ್ಳಬೇಕೆಂದರೆ ಅದರ ಅಂಗಿ ಕಳಚಿ, ಬರಿಮೈಯಲ್ಲಿ ಎತ್ತಿಕೊಳ್ಳಬೇಕು. ಬರಿಮೈಗೆ ಮೈಲಿಗೆ ಇಲ್ಲ, ಅರಿವೆಗೆ ಇದೆ. ದಿನಕ್ಕೆ ಹತ್ತಾರು ಸಲ ಕಳಚಿ ತೊಡಿಸಿ ಕಳಚಿ ತೊಡಿಸಿ, ಕೂಸಿಗೆ ನೆಗಡಿಯಾಯಿತು. ಎರಡನೆಯ ದಿನ ಮಧ್ಯಾಹ್ನ ಅತ್ತೆ ಟ್ರಂಕು ತೆಗೆದು, ಮಾವನವರು ಪೂಜೆಗೆ ಉಡುತ್ತಿದ್ದ ಹಳೆಯ ರೇಷ್ಮೆ ಧೋತರ ಹೊರಗೆ ತಂದರು. ಸ್ವಲ್ಪ ಹೊತ್ತು ಅದನ್ನು ಮಡಿಲಲ್ಲಿ ಇಟ್ಟುಕೊಂಡೇ ಕುಳಿತಿದ್ದರು. ಆಮೇಲೆ ಕತ್ತರಿ ಹಾಕಿದರು. ಸಂಜೆಯ ಹೊತ್ತಿಗೆ ಕೈಹೊಲಿಗೆಯ ಒಂದು ಪುಟ್ಟ ಅಂಗಿ ಸಿದ್ಧವಾಗಿತ್ತು, ಬೆನ್ನಿಗೆ ಕಸೆ ಕಟ್ಟುವಂಥದ್ದು.

“ರೇಷ್ಮಿಗೆ ಮೈಲಿಗಿ ಇಲ್ಲ” ಎಂದು ದೂರದಿಂದಲೇ ಅದನ್ನು ನನ್ನ ಚಾಪೆಯ ಮೇಲೆ ಹಾಕಿದರು. “ಇದನ್ನ ಹಾಕು. ಹಾಲಿಗೆ ನಿನ್ನ ಕಡೆ, ಆಟಕ್ಕ ನನ್ನ ಕಡೆ.”

ಆ ರೇಷ್ಮೆಯಂಗಿ ತೊಟ್ಟ ಕೂಸು ಇಬ್ಬರ ನಡುವೆ ಓಡಾಡುವ ಟಪಾಲಿನಂತೆ ಆಯಿತು. ಅಂಗಳದ ನಡುವೆ ಇಳಿಸಿದರೆ ಇತ್ತ ಒಬ್ಬರು ಎತ್ತಿಕೊಳ್ಳಬೇಕು, ಅತ್ತ ಒಬ್ಬರು.

ನಾಲ್ಕಕ್ಕೆ ನೀರು ಹಾಕಿಕೊಂಡು ಒಳಗೆ ಬಂದೆ. ರಕ್ತ ಹೋಗುವುದು ನಿಂತಿರಲಿಲ್ಲ.

ಹೆರಿಗೆಯಾದ ಮೇಲೆ ಮೊದಲಿಗೆ ಹೀಗೆಯೇ ಇರಬೇಕು, ಇಂದಲ್ಲ ನಾಳೆ ನಿಲ್ಲುತ್ತದೆ ಎಂದುಕೊಂಡೆ. ನಿಲ್ಲಲಿಲ್ಲ. ಒಂದು ವಾರ ಕಡಿಮೆಯಾದಂತೆ ಅನಿಸುವುದು, ಮತ್ತೆ ಬಿಂದಿಗೆ ತೂತಾದಂತೆ. ನಡುವೆ ಲೆಕ್ಕದ ಪ್ರಕಾರ ತಿಂಗಳು ತುಂಬಿತೆಂದು ಮತ್ತೆ ಮೂರು ದಿನ ಹೊರಗೆ ಕುಳಿತು, ಮತ್ತೆ ನಾಲ್ಕಕ್ಕೆ ನೀರು ಹಾಕಿಕೊಂಡೆ. ಇದನ್ನು ಓದುವ ಈಗಿನ ಹುಡುಗಿಯರಿಗೆ ನಗು ಬರಬಹುದು. ಹೇಳಬಹುದಿತ್ತಲ್ಲ, ಬಾಯಿ ಇರಲಿಲ್ಲವೆ ಎನ್ನಬಹುದು. ಹೇಳಬೇಕೆಂದರೆ ಏನಂತ ಹೇಳುವುದು? ನಾಲ್ಕನೆಯ ದಿನದ ನಂತರ ಹೋಗುವುದಕ್ಕೆ ನಮ್ಮಲ್ಲಿ ಹೆಸರೇ ಇರಲಿಲ್ಲ. ಹೇಳಿದರೆ ಇನ್ನೊಂದು ಮಾತೂ ಅದರ ಬೆನ್ನಿಗೇ ಬರುತ್ತಿತ್ತು. ಹಾಗಾದರೆ ನಿನ್ನೆ ನೀನು ಒಲೆ ಮುಟ್ಟಿದೆಯಲ್ಲ? ಮೊನ್ನೆಯ ನೈವೇದ್ಯಕ್ಕೆ ಅಕ್ಕಿ ತೊಳೆದೆಯಲ್ಲ? ಆ ಮನೆಯಲ್ಲಿ ಅಷ್ಟು ದಿನ ದೇವರಿಗೆ ಇಟ್ಟದ್ದೆಲ್ಲ ಮೈಲಿಗೆಯಾಗಿತ್ತೆಂದು ನನ್ನ ಬಾಯಿಂದಲೇ ಹೇಳಿದಂತೆ. ಅತ್ತೆ ಬೈಯುತ್ತಾರೆಂಬ ಹೆದರಿಕೆ ಇರಲಿಲ್ಲ. ಸುಮ್ಮನೆ ಕುಳಿತುಬಿಡುತ್ತಾರೆಂಬುದೇ ಹೆದರಿಕೆ.

ಅರಿವೆಗಳನ್ನು ಎಲ್ಲರೂ ಏಳುವ ಮೊದಲು ಒಗೆದು, ಕೊಟ್ಟಿಗೆಯ ಹಿಂದೆ ಸಗಣಿ ಕುಳ್ಳಿನ ಒಟ್ಟಿಲ ಮರೆಯಲ್ಲಿ, ಮೇಲೊಂದು ಗೋಣಿತಾಟು ಮುಚ್ಚಿ ಒಣಗಿಸುತ್ತಿದ್ದೆ. ಮಳೆಗಾಲ, ಒಣಗುತ್ತಿರಲಿಲ್ಲ. ಹಸಿಯದನ್ನೇ ಕಟ್ಟಿಕೊಂಡು ತೊಡೆ ಕೆರೆದು ಹುಣ್ಣಾಯಿತು. ಒಂದು ದಿನ ಬಚ್ಚಲ ಗೋಡೆಯ ಗೂಡಿನಲ್ಲಿ ಹಳೆಯ ಮೆತ್ತನೆ ಧೋತರದ ತುಂಡುಗಳು ಮಡಿಸಿ ಇಟ್ಟಿದ್ದವು, ಖಣಖಣ ಒಣಗಿದವು. ಕೂಸಿಗೆಂದು ಇಟ್ಟಿರಬೇಕೆಂದು ತೆಗೆದುಕೊಂಡೆ. ಅವು ಮುಗಿದಾಗ ಮತ್ತೆ ಇದ್ದವು. ದೇವರೇ ಇಟ್ಟ ಎಂದುಕೊಳ್ಳುವಷ್ಟು ಭೋಳೆ ನಾನಲ್ಲ, ಆದರೆ ಯಾರು ಇಟ್ಟರೆಂದು ಯೋಚಿಸುವ ತ್ರಾಣವೂ ಇರಲಿಲ್ಲ.

ತ್ರಾಣ ಹೋದದ್ದು ಮೆಲ್ಲಗೆ. ಮೊದಲು ಬಾವಿಯಿಂದ ಎರಡನೆಯ ಕೊಡ ಸೇದುವಾಗ ಕಣ್ಣಮುಂದೆ ಕಪ್ಪು ಚುಕ್ಕೆ. ಆಮೇಲೆ ಮೊದಲ ಕೊಡಕ್ಕೇ. ಆಮೇಲೆ ಮಾತಾಡುತ್ತಿದ್ದರೂ ಉಸಿರು. ನಾಲಿಗೆ ಬೆಳ್ಳಗಾಯಿತು. ಗಂಗವ್ವ ಗೋಡೆಯ ಮೇಲಿಂದ ನೋಡಿ, ಬಾಯಾರ ಮಾರಿ ಸುಣ್ಣಾ ಬಳದ ಗ್ವಾಡಿ ಆಗೇತಿ ಎಂದು ಅತ್ತೆಗೇ ಹೇಳಿಬಿಟ್ಟಳು. ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು ಹಾಲು. ಕೂಸು ಎಳೆಯುವುದು, ಸಿಗದೆ ಮೋರೆ ತಿರುಗಿಸಿ ಅಳುವುದು, ಮತ್ತೆ ಎಳೆಯುವುದು. ಅದರ ಕೈಯ ಮಣಿಕಟ್ಟಿನ ಮಡಿಕೆಗಳು ಕರಗತೊಡಗಿದ್ದವು. ಹೊರಗಾಗಲಿಕ್ಕೆ ಶುರುವಾದ ಮೇಲೆ ಹಾಲು ಕಡಿಮೆಯಾಗುವುದೇ ಎಂದು ಬಂದವರು ಹೇಳಿ ಹೋಗುತ್ತಿದ್ದರು. ಒಬ್ಬ ಬೀಗರ ಹೆಣ್ಣುಮಗಳು, ಮುಟ್ಟು ಚಾಲೂ ಆತಲ್ಲ, ಇನ್ನ ತೊಟ್ಟಿಲಾ ಬಿಚ್ಚಬ್ಯಾಡ್ರಿ ಎಂದು ನಕ್ಕಳು. ನಾನೂ ನಕ್ಕೆ.

ನಮ್ಮವರು ಊರಿನ ಡಾಕ್ಟರರ ಕಡೆಗೆ ಕರೆದುಕೊಂಡು ಹೋದರು. ವಯಸ್ಸಾದವರು, ಒಳ್ಳೆಯವರು. ನಮ್ಮವರು ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದರು. ಡಾಕ್ಟರು ಕಣ್ಣು ನೋಡಿ, ನಾಲಿಗೆ ನೋಡಿ, ತಮ್ಮ ಮೇಜಿನ ಮೇಲಿನ ಕಾಗದ ನೋಡುತ್ತಲೇ, ಮುಟ್ಟು ಎಷ್ಟು ದಿನ ಎಂದು ಕೇಳಿದರು.

“ಮೂರು ದಿನಾರಿ. ನಾಕಕ್ಕ ನೀರು” ಎಂದೆ.

ಸುಳ್ಳು ಹೇಳುತ್ತಿದ್ದೇನೆಂದು ಆ ಕ್ಷಣಕ್ಕೆ ನನಗೆ ಅನಿಸಲೂ ಇಲ್ಲ. ಎಷ್ಟು ದಿನ ಎಂದರೆ ಬಾಯಿಗೆ ಬರುವುದೇ ಅದು, ಹೆಸರು ಕೇಳಿದರೆ ಹೆಸರು ಬಂದಂತೆ. ಎಲ್ಲಾ ಸರಿ ಅದ ಹಂಗಾರ ಎಂದು ಅವರು ರಕ್ತಕ್ಕೆ ಗುಳಿಗೆ ಬರೆದರು, ಬೆಲ್ಲ ಶೇಂಗಾ ತಿನ್ನಲು ಹೇಳಿದರು. ಗಂಗವ್ವ ಒಂದು ಚೀಲ ಶೇಂಗಾ ಗೋಡೆಯ ಮೇಲೆ ತಂದಿಟ್ಟಳು. ಮೇಲಿಂದ ತುಂಬಿದ್ದೆಲ್ಲ ಕೆಳಗೆ ಹೋಗುತ್ತಿದ್ದ ದಿನಗಳು ಅವು.

ಶ್ರಾವಣ ಬಂತು. ನಮ್ಮ ಕಡೆ ಶ್ರಾವಣವೆಂದರೆ ಅಡಿಗೆಮನೆಗೆ ಬಿಡುವಿಲ್ಲ. ಮಂಗಳವಾರ ಗೌರಿ, ಶುಕ್ರವಾರ ಜೀವತಿ. ಜೀವತಿಯ ಪಟವನ್ನು ಗೋಡೆಗೆ ಹಚ್ಚಿ, ಮಕ್ಕಳು ಸುಖವಾಗಿರಲೆಂದು ಪೂಜೆ ಮಾಡಿ, ಕಡಬಿನ ನೈವೇದ್ಯ. ನನ್ನ ಕೂಸಿಗೆ ಅದು ಮೊದಲ ಶ್ರಾವಣ, ಅದಕ್ಕೇ ಆ ಶುಕ್ರವಾರ ಅತ್ತೆ ಕಡಬಿನ ಜೊತೆಗೆ ಹೋಳಿಗೆಯನ್ನೂ ಹೇಳಿದ್ದರು. ಮಡಿಸೀರೆ ಉಟ್ಟು ಕಣಕ ನಾದುತ್ತ ಕುಳಿತೆ. ಏಳಬೇಕೆಂದು ಎದ್ದೆ. ಗೋಡೆಯ ಮೇಲಿನ ಪಟ ಓರೆಯಾದದ್ದು ನೆನಪಿದೆ.

ಕಣ್ಣು ಬಿಟ್ಟಾಗ ನಾನು ಅಡಿಗೆಮನೆಯ ನೆಲದ ಮೇಲೆ ಇದ್ದೆ, ನನ್ನ ತಲೆ ಅತ್ತೆಯವರ ತೊಡೆಯ ಮೇಲೆ ಇತ್ತು. ಹೊರಗಿನಿಂದ ನಮ್ಮವರು ಓಡಿಬರುವ ಸದ್ದು. ನನ್ನ ಸೀರೆ ಹಿಂದೆ ಎಲ್ಲ ತೊಯ್ದಿದೆ ಎಂಬುದು ಆಗ ಗೊತ್ತಾಯಿತು. ಜೀವತಿಯ ಎದುರಿಗೆ, ಶುಕ್ರವಾರ, ಒಲೆಯ ಮುಂದೆ. ಮಗ ಹೊಸ್ತಿಲಿಗೆ ಬರುವಷ್ಟರಲ್ಲಿ ಅತ್ತೆ ಹಗ್ಗದ ಮೇಲಿದ್ದ ತಮ್ಮ ರೇಷ್ಮೆ ಮಡಿಸೀರೆಯನ್ನು ಜಗ್ಗಿ ನನ್ನ ಸೊಂಟದಿಂದ ಕಾಲಿನವರೆಗೆ ಹೊದಿಸಿಬಿಟ್ಟರು.

“ಏನಾತು?” ಎಂದರು ನಮ್ಮವರು.

“ತಲಿ ತಿರುಗ್ಯದ. ನೀ ಹೋಗು, ಕೂಸು ಎದ್ದದ ನೋಡು” ಎಂದು ಕಳಿಸಿದರು. ಆಮೇಲೆ ಗೋಡೆಯ ಕಡೆ ನೋಡುತ್ತ, “ನಾಳೆ ಬೈಲಹೊಂಗಲಕ್ಕ ಹೋಗೂದು. ಅಲ್ಲಿ ಹೆಣ್ಣು ಡಾಕ್ಟರ್ ಇದ್ದಾರಂತ. ನಾನೂ ಬರ್ತೀನಿ” ಎಂದರು. ಇನ್ನೇನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎನಿಸಿತು. ಆ ದಿನದ ನೈವೇದ್ಯಕ್ಕೆ ಅವರು ಹಾಲು ಸಕ್ಕರೆ ಇಟ್ಟರು.

ಮರುದಿನ ನಮ್ಮವರಿಗೆ ರಜೆ ಸಿಗಲಿಲ್ಲ, ಸಾಲೆಯಲ್ಲಿ ಪರೀಕ್ಷೆ. ಹಾಗಾಗಿ ಅತ್ತೆ, ನಾನು, ಕೂಸು. ಬಸ್ಸಿಗೆ ಕೂಡುವುದೆಂದರೆ ಅವರಿಗೆ ದೊಡ್ಡ ಪ್ರಾಯಶ್ಚಿತ್ತ. ಹೊರಗಿನ ನೀರು ಕುಡಿಯುವುದಿಲ್ಲವೆಂದು ಮುಚ್ಚಳದ ತಂಬಿಗೆಯಲ್ಲಿ ನೀರು, ಸೆರಗಿನ ಗಂಟಿನಲ್ಲಿ ಅವಲಕ್ಕಿ. ಸವದತ್ತಿಯಲ್ಲಿ ಬಸ್ಸು ಬದಲಿಸಬೇಕು. ಅಲ್ಲಿ ಎಲ್ಲವ್ವನ ಗುಡ್ಡದಿಂದ ಇಳಿದುಬಂದ ಜನ, ಹಣೆತುಂಬ ಅರಿಶಿನದ ಭಂಡಾರ, ಬಸ್ಸಿನ ಬಾಗಿಲಿಗೆ ಜೋತುಬಿದ್ದಿದ್ದರು. ನನ್ನ ಮುಖ ನೋಡಿ ಒಬ್ಬ ಮುದುಕಿ ಎದ್ದು ಜಾಗ ಕೊಟ್ಟಳು. ಅವಳು ಕೆಳಗೆ ಗಂಟಿನ ಮೇಲೆ ಕುಳಿತು ಕೂಸನ್ನೇ ನೋಡುತ್ತಿದ್ದು, ಕಡೆಗೆ ಅತ್ತೆಯವರನ್ನು ಕೇಳಿದಳು. “ಯವ್ವಾ, ಕೂಸಿಗೆ ಎಲ್ಲವ್ವನ ಭಂಡಾರ ಹಚ್ಚಲೇನ್ರಿ?”

ಅತ್ತೆ ಯಾರದೋ ಕೈಯನ್ನು ಕೂಸಿನ ಹಣೆಗೆ ಮುಟ್ಟಗೊಡುವವರಲ್ಲ. ನಾನು ಕಿಟಕಿಯ ಕಡೆ ತಿರುಗಿದೆ.

“ಹಚ್ಚವಾ” ಎಂದರು. ಕೂಸಿಗೆ ಹಚ್ಚಿದ ಮೇಲೆ, “ಅದರ ತಾಯಿಗೂ ಹಚ್ಚು.”

ದವಾಖಾನೆಯ ಹೊರಗಿನ ಕೋಣೆಯಲ್ಲಿ ಎರಡೂ ಬದಿಗೆ ಕೂಡುವ ಕಟ್ಟಿಗೆಯ ಬಾಕು, ಬಾಕಿನ ತುಂಬ ಹೊಟ್ಟೆಯವರು. ಕಂಪೌಂಡರ್ ಒಬ್ಬೊಬ್ಬರ ಹೆಸರು ಕೂಗುವುದು, ಇಬ್ಬರು ಏಳುವುದು. ನೇಸರಗಿಯ ಕಡೆಯ ಒಬ್ಬಳು ಮಡಿಲಲ್ಲಿ ಚುರುಮುರಿ ಹಾಕಿಕೊಂಡು ತಿನ್ನುತ್ತ, ನನ್ನತ್ತಲೂ ಒಂದು ಹಿಡಿ ಚಾಚಿ, ಎಷ್ಟನೇದು ಎಂದು ಕೇಳಿದಳು. ಹೊಟ್ಟೆಯಿಂದ ಇಲ್ಲ, ಹೆರಿಗೆ ಆಗಿದೆ, ಕೂಸು ಇಲ್ಲೇ ಇದೆ ಎಂದೆ.

“ಹಡದ ಮ್ಯಾಲ ಮತ್ತ ಯಾಕ ಬಂದೀರಿ ತಂಗಿ?” ಎಂದಳು. ಚೇಷ್ಟೆಯಲ್ಲ, ನಿಜವಾಗಿಯೂ ಅವಳಿಗೆ ತಿಳಿಯಲಿಲ್ಲ. “ಇಲ್ಲಿ ಬರೂದು ಹಡಿಯೂತನಕಲ್ಲೇನು?”

ಬಾಕಿನ ತುಂಬ ನಗು ಎದ್ದಿತು. ನನಗೂ ನಗು ಬಂತು, ನಗುತ್ತಲೇ ಕಣ್ಣು ತುಂಬಿತು. ಆ ಕೋಣೆಯಲ್ಲಿ ನನ್ನ ಬೇನೆಗೆ ಕೂಡಲು ಜಾಗವಿಲ್ಲ ಎನಿಸಿಬಿಟ್ಟಿತ್ತು. ಅವಳು ಗಾಬರಿಯಾಗಿ ಚುರುಮುರಿಯನ್ನೆಲ್ಲ ನನ್ನ ಸೆರಗಿಗೆ ಸುರಿದು, ಕೂಸನ್ನು ಎತ್ತಿಕೊಂಡು ಆಚೆ ಈಚೆ ತಿರುಗಿಸತೊಡಗಿದಳು. ಅತ್ತೆ ಅದಕ್ಕೂ ಸುಮ್ಮನಿದ್ದರು.

ಡಾಕ್ಟರಬಾಯಿ ನಡುವಯಸ್ಸಿನವರು, ಕನ್ನಡಕದ ಮೇಲಿಂದ ನೋಡುವವರು. ನನ್ನ ಕೆಳಗಿನ ಕಣ್ಣರೆಪ್ಪೆಯನ್ನು ಹೆಬ್ಬೆರಳಿನಿಂದ ಕೆಳಕ್ಕೆ ಎಳೆದು ನೋಡಿದರು. ಎರಡನೆಯ ಕಣ್ಣನ್ನೂ ನೋಡಿದರು. ಕೆಂಪೇ ಇಲ್ಲವಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಅತ್ತೆ ಮೂಲೆಯ ಸ್ಟೂಲಿನ ತುದಿಗೆ, ಕೂಸನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಕುಳಿತಿದ್ದರು.

“ಮುಟ್ಟು ಬಂದದೇನು ತಿರುಗಿ? ಎಷ್ಟು ದಿನ ಹೋಗ್ತದ?”

“ಮೂರು ದಿನಾರಿ. ನಾಕಕ್ಕ ನೀರು.”

ಅವರು ಬರೆಯಲು ಪೆನ್ನು ಎತ್ತಿದರು. ಹಿಂದಿನ ದಿನ ಅಡಿಗೆಮನೆಯಲ್ಲಿ ಬಿದ್ದವಳು, ಸಾಯುತ್ತೇನೋ ಎಂದು ಬಸ್ಸಿನುದ್ದಕ್ಕೂ ನೆನೆಸುತ್ತ ಬಂದವಳು, ಮತ್ತೆ ಅದೇ ಉತ್ತರ ಕೊಟ್ಟೆ. ಹಿಂದೆ ಅತ್ತೆ ಕುಳಿತಿದ್ದಾರಲ್ಲ. ಅವರ ಎದುರಿಗೆ ಬೇರೆ ಉತ್ತರ ನನ್ನ ಬಾಯಲ್ಲಿ ಹುಟ್ಟಲಿಲ್ಲ.

“ಬರಕೋಬ್ಯಾಡ್ರಿ, ಡಾಕ್ಟರಬಾಯಿ” ಎಂದರು ಅತ್ತೆ.

ಪೆನ್ನು ನಿಂತಿತು.

“ಅಕಿ ಕೂಡೋ ದಿನಾ ಹೇಳಲಿಕ್ಕೆ ಹತ್ಯಾಳ. ನೀವು ಕೇಳಿದ್ದು ಹೋಗೋ ದಿನಾ. ಅವು ಬ್ಯಾರೆ ಬ್ಯಾರೆ.”

“ಮತ್ತ ಹೋಗೋದು ಎಷ್ಟು?”

“ಅಕಿ ತವರಿಂದ ಬಂದಾಗಿಂದ ನಿಂತೇ ಇಲ್ಲರಿ. ಅರಿವಿ ನಾನ ಇಡ್ತಿದ್ದೆ, ನನಗ ಗೊತ್ತದ.”

ನಾನು ತಿರುಗಿ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ.

ಡಾಕ್ಟರಬಾಯಿ ಕನ್ನಡಕ ತೆಗೆದರು. ಗೊತ್ತಿದ್ದೂ ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂದು ಅವರು ಕೇಳಿಯೇ ಕೇಳುತ್ತಾರೆಂದುಕೊಂಡೆ. ಕೇಳಿದರು ಕೂಡ, ಸಿಟ್ಟಿಲ್ಲದೆ. ಕೂಸು ಅತ್ತೆಯವರ ಕುತ್ತಿಗೆಯ ತುಳಸಿಮಣಿ ಹಿಡಿದು ಜಗ್ಗುತ್ತಿತ್ತು.

“ನನಗೂ ಹಿಂಗ ಆಗ್ತಿತ್ತರಿ” ಎಂದರು. “ಇಕಿ ಗಂಡ ಹುಟ್ಟಿದ ಮ್ಯಾಲೆ ಒಂದು ಹೆಣ್ಣುಕೂಸು ಆಗಿತ್ತು. ಅದು ಹುಟ್ಟಿದ ಮ್ಯಾಲೆ ನಂದೂ ನಿಲ್ಲಲಿಲ್ಲ. ನಾನೂ ನಾಕಕ್ಕ ನೀರು ಹಾಕ್ಕೊಂಡೇ ಒಳಗ ಬರ್ತಿದ್ದೆ. ನೈವೇದ್ಯ ಮಾಡೀನಿ, ಶ್ರಾದ್ಧದ ಅಡಿಗಿ ಮಾಡೀನಿ. ಯಾರ ಮುಂದ ಹೇಳ್ಲಿ? ಹಾಲು ಬತ್ತಿಹೋತು. ಕೂಸು…” ಎಂದು ತಮ್ಮ ತೊಡೆಯ ಮೇಲಿದ್ದ ಕೂಸಿನ ಕೈಯಿಂದ ಮಣಿ ಬಿಡಿಸಿಕೊಂಡರು. “ಇದರ ಅಂಗಿ ಸಡಲ ಆಗಲಿಕ್ಕೆ ಹತ್ತೇದರಿ. ಹದಿನೈದು ದಿನಕ್ಕ ಕಸಿ ಒಂದು ಬೆರಳು ಒಳಗ ಬಂದದ. ಅದನ್ನ ನೋಡ್ಕೋತ ನಾ ಇನ್ನ ಸುಮ್ಮನ ಕೂಡಲಾರೆ.”

ನಮ್ಮವರಿಗೆ ತಂಗಿಯೊಬ್ಬಳು ಇದ್ದಳಂತೆ, ಬಹಳ ಸಣ್ಣದಿದ್ದಾಗ ಹೋದಳಂತೆ ಎಂದಷ್ಟೇ ನನಗೆ ಗೊತ್ತಿತ್ತು. ಏನಾಗಿ ಹೋದಳೆಂದು ಆ ಮನೆಯಲ್ಲಿ ಯಾರೂ ಹೇಳಿರಲಿಲ್ಲ.

ಪರೀಕ್ಷೆ ಮಾಡಿದ ಮೇಲೆ ಡಾಕ್ಟರಬಾಯಿ ಇಬ್ಬರನ್ನೂ ಕೂಡಿಸಿ ಹೇಳಿದರು. ಹೆರಿಗೆಯಲ್ಲಿ ಮಾಸು ಬೀಳುವಾಗ ಒಂದು ತುಣುಕು ಒಳಗೇ ಉಳಿದು ಗಂಟಾಗಿರಬೇಕು, ಎಲ್ಲೋ ಒಬ್ಬರಿಗೆ ಹೀಗಾಗುತ್ತದೆ, ಯಾರದೂ ತಪ್ಪಲ್ಲ. ಅದನ್ನು ತೆಗೆಯಬೇಕು. ಅದಕ್ಕೂ ಮೊದಲು ರಕ್ತ ಏರಿಸಬೇಕು, ಇಲ್ಲದಿದ್ದರೆ ಮುಟ್ಟಲು ಸಾಧ್ಯವಿಲ್ಲ. ನಾನು ‘ಇನ್ನು ಎರಡು ವಾರ ಬಿಟ್ಟಿದ್ದರೆ’ ಎಂದು ಅವರು ಶುರು ಮಾಡಿ ನಿಲ್ಲಿಸಿದ ಮಾತಿನಲ್ಲೇ ಸಿಕ್ಕಿಕೊಂಡಿದ್ದೆ. ಅತ್ತೆ ಬೇರೊಂದನ್ನು ಹಿಡಿದುಕೊಂಡಿದ್ದರು.

“ಹಂಗಾರ ಇದು ಮುಟ್ಟಲ್ಲೇನ್ರಿ?”

“ಅಲ್ಲ. ಒಳಗ ಒಂದು ಗಾಯ ಇದ್ದಂಗ ಅಂತ ತಿಳಕೋರಿ. ಅದರಿಂದ ಹೋಗೋ ರಕ್ತ ಇದು.”

“ಗಾಯ” ಎಂದರು ಅತ್ತೆ. ಅವರ ಹೆಗಲು ಸ್ವಲ್ಪ ಇಳಿದದ್ದನ್ನು ನಾನು ಕಂಡೆ. ಆಮೇಲೆ ಬಹಳ ಮೆಲ್ಲಗೆ, “ಮತ್ತ ನಂದು?” ಎಂದರು.

ಡಾಕ್ಟರಬಾಯಿ ಏನಾದರೂ ಹೇಳಿ ಸಮಾಧಾನ ಮಾಡಬಹುದಿತ್ತು. “ಆವಾಗ ಯಾರೂ ನೋಡಿಲ್ಲಲ್ಲ, ಅಮ್ಮಾ” ಎಂದರು. “ಈಗ ನಾ ಹೆಂಗ ಹೇಳ್ಲಿ?”

ಅಲ್ಲಿಯೇ ಸೇರಿಸಿಕೊಂಡರು. ತವರುಮನೆ ಅದೇ ಊರಾದ್ದರಿಂದ ಅವ್ವ ಗಂಜಿ, ತಿಳಿಸಾರು ತಂದಳು. ನಮ್ಮವರು ಸುದ್ದಿ ತಿಳಿದು ಸಾಲೆಯಿಂದ ನೇರವಾಗಿ, ಕೈಯಲ್ಲಿ ಸೀಮೆಸುಣ್ಣದ ಪುಡಿ ಸಹ ತೊಳೆಯದೆ ಬಂದರು. ಬೆಳಗಾವಿಯಿಂದ ರಕ್ತ ತರಬೇಕಾಯಿತು, ತಂದಷ್ಟನ್ನೇ ಬದಲಿಗೆ ಅಲ್ಲಿ ಕೊಡಬೇಕು. ನಮ್ಮವರು ಒಂದು ಬಾಟಲಿ ಕೊಟ್ಟರು. ಎರಡನೆಯದಕ್ಕೆ ಶೇಂಗಾದ ಕೆಲಸಕ್ಕೆಂದು ಅಲ್ಲಿಗೆ ಹೊರಟಿದ್ದ ಗಂಗವ್ವನ ಗಂಡ ತೋಳು ಚಾಚಿದ. ಮಂಚದ ಪಕ್ಕದ ಕೋಲಿಗೆ ಬಾಟಲಿ ತೂಗಿಹಾಕಿದಾಗ ನಾನು ಹನಿಗಳನ್ನೇ ನೋಡುತ್ತ ಮಲಗಿದ್ದೆ. ಇಷ್ಟು ದಿನ ಹೋಗುವುದನ್ನಷ್ಟೇ ಕಂಡಿದ್ದ ನನಗೆ ಅದು ಒಳಗೆ ಬರುವುದನ್ನು ನೋಡುವುದೇ ಒಂದು ಸುಖವಾಗಿತ್ತು. ಈರುಳ್ಳಿಯನ್ನೂ ಮುಟ್ಟದ ನಮ್ಮ ಮನೆಯ ರೀತಿ ಬಲ್ಲ ಗಂಗವ್ವ, ನೋಡಲು ಬಂದವಳು ಹೊಸ್ತಿಲಲ್ಲೇ ನಿಂತು ಶುರುಮಾಡಿದಳು.

“ಬಾಯಾರ, ಇನ್ನ ನೀವು ನಮ್ಮ ಬಳಗದಾಗ ಬಂದ್ರಿ. ಮೈಯಾಗ ಉಳ್ಳಾಗಡ್ಡಿ ರಕ್ತ ಹೊಂಟೇತಿ. ಏಕಾದಶಿ ದಿನಾ ಜುಣಕಾ ಬೇಡಿದ್ರ ನನ್ನ ಅನಬ್ಯಾಡ್ರಿ ಮತ್ತ.”

ಅವನ ರಕ್ತ ಬೆಳಗಾವಿಯಲ್ಲಿ ಉಳಿದಿದೆ, ನನಗೆ ಬಂದದ್ದು ಯಾರದೋ ಎಂದು ನಮ್ಮವರು ಗಣಿತದ ಮಾಸ್ತರರಂತೆ ತಿಳಿಸಿ ಹೇಳಿದರು. ಅವಳು ಕೇಳಲಿಲ್ಲ. ಅತ್ತೆ ಮೂಲೆಯಲ್ಲಿ ಕುಳಿತು ನಕ್ಕದ್ದನ್ನು ನಾನು ಮದುವೆಯಾದಾಗಿನಿಂದ ಮೊದಲ ಸಲ ನೋಡಿದೆ, ಸದ್ದಿಲ್ಲದ ನಗು, ಸೆರಗು ಬಾಯಿಗೆ ಹಿಡಿದುಕೊಂಡು.

ಆಪರೇಷನ್ ಎನ್ನುವಷ್ಟು ದೊಡ್ಡದೇನೂ ಇರಲಿಲ್ಲ. ಚುಚ್ಚುಮದ್ದಿಗೆ ನಿದ್ದೆ ಬಂತು, ಎದ್ದಾಗ ಮುಗಿದಿತ್ತು. ಆದರೆ ಕರೆದುಕೊಂಡು ಹೋಗುವ ಮುಂಚಿನ ಹೊತ್ತು ದೊಡ್ಡದಾಗಿತ್ತು. ಕೂಸಿಗೆ ಕಡೆಯ ಸಲ ಹಾಲು ಕೊಡಲೇ ಎಂದು ಕೇಳಿದೆ. ಕಡೆಯ ಸಲ ಎಂಬ ಮಾತು ನನಗೇ ತಿಳಿಯದಂತೆ ಬಾಯಿಂದ ಬಂದಿತ್ತು. ಅತ್ತೆ ಕೂಸನ್ನು ತಂದು ಪಕ್ಕಕ್ಕೆ ಮಲಗಿಸಿ, ಕಡೇದಲ್ಲ, ಇವತ್ತಿಂದು ಎಂದು ತಿದ್ದಿದರು. ಹಾಲು ಇರಲಿಲ್ಲ. ಆದರೂ ಕೂಸು ಹಿಡಿದುಕೊಂಡು ಮಲಗಿತು.

ಅದರ ಮರುದಿನ ನಿಂತಿತು. ಬೆಳಿಗ್ಗೆ ಎದ್ದು ಅರಿವೆ ನೋಡಿದರೆ ಬಿಳಿ. ಆ ಬಿಳಿಯನ್ನು ನೋಡಿ ನಾನು ಅತ್ತದ್ದು ಯಾರಿಗೂ ತಿಳಿಯಲಿಲ್ಲ, ಈಗ ಹೇಳುತ್ತಿದ್ದೇನೆ.

ಹಾಲು ಮಾತ್ರ ತಕ್ಷಣ ಬರಲಿಲ್ಲ. ಕೂಸಿಗೆ ಕೆಲವು ದಿನ ಆಕಳ ಹಾಲನ್ನು ಒಳ್ಳೆಯಲ್ಲಿ, ಕೂಸಿಗೆ ಹಾಲೂಡಿಸುವ ಆ ಪುಟ್ಟ ಬಟ್ಟಲಿನಲ್ಲಿ, ಹಾಕಿದೆವು. ನನಗೆ ಗುಳಿಗೆ, ಅಳವಿ, ಮತ್ತೆ ಎರಡನೆಯ ಬಾಣಂತನದಂತೆ ಆರೈಕೆ. ಡಾಕ್ಟರಬಾಯಿ ಹೇಳಿದ್ದ ಒಂದು ಮಾತನ್ನು ಇಲ್ಲಿ ಬರೆದಿಡಬೇಕು. ಡಾಕ್ಟರರ ಮುಂದೆ ಕುಳಿತಾಗ ಮನೆಯ ಲೆಕ್ಕ ಹೇಳಬ್ಯಾಡ್ರಿ, ಮೈಯ ಲೆಕ್ಕ ಹೇಳ್ರಿ ಎಂದಿದ್ದರು. ಮೊನ್ನೆ ದವಾಖಾನೆಯಲ್ಲಿ ಕಂಡ ಆ ಹುಡುಗಿಯ ಪಕ್ಕಕ್ಕೆ ಸರಿದು ಕುಳಿತು ನಾನೂ ಅದನ್ನೇ ಹೇಳಿದೆ. ಅವಳು ಮೊದಲು ತಲೆ ತಗ್ಗಿಸಿದಳು. ಆಮೇಲೆ ಎದ್ದು ನರ್ಸಿನ ಕಡೆಗೆ ತಿರುಗಿ ಹೋದಳು. ಅವಳಿಗೆ ಏನೂ ಆಗಿರಲಿಕ್ಕಿಲ್ಲ, ಬಹಳ ಜನಕ್ಕೆ ಏನೂ ಆಗಿರುವುದಿಲ್ಲ. ಆದರೂ ಹೇಳಬೇಕು.

ರಾಮದುರ್ಗಕ್ಕೆ ಹಿಂತಿರುಗುವಷ್ಟರಲ್ಲಿ ಭಾದ್ರಪದ. ಗಣಪತಿ ಕೂತ ಮರುದಿನ ಋಷಿಪಂಚಮಿ. ಮುಟ್ಟಿನ ದಿನಗಳಲ್ಲಿ ತಿಳಿದೋ ತಿಳಿಯದೆಯೋ ಆದ ಮೈಲಿಗೆಯ ದೋಷ ಹೋಗಲೆಂದು ಹೆಂಗಸರು ಮಾಡುವ ವ್ರತ ಅದು. ಅತ್ತೆ ಅದನ್ನು ಬಹಳ ಕಟ್ಟುನಿಟ್ಟಾಗಿ ಮಾಡುತ್ತಿದ್ದರು. ನಸುಕಿಗೆ ಹೊಳೆಗೆ ಹೋಗಿ ಉತ್ತರಾಣಿ ಕಡ್ಡಿಯಿಂದ ಹಲ್ಲುಜ್ಜಿ ಸ್ನಾನ, ಎತ್ತು ಉಳದ ನೆಲದಲ್ಲಿ ಬೆಳೆದದ್ದಷ್ಟೇ ಊಟ, ಉಪ್ಪು ಸಹ ಅಷ್ಟಕ್ಕಷ್ಟೆ. ಮುಟ್ಟು ನಿಂತು ಎಷ್ಟೋ ವರ್ಷವಾದ ಹೆಂಗಸು ಇಷ್ಟೊಂದು ಯಾಕೆ ಒದ್ದಾಡುತ್ತಾರೆಂದು ನಾನು ಮೊದಲೆಲ್ಲ ಅಂದುಕೊಳ್ಳುತ್ತಿದ್ದೆ. ಆ ವರ್ಷ ನನಗೆ ತಿಳಿದಿತ್ತು.

ಹಿಂದಿನ ಸಂಜೆ ನಾನೂ ಮಾಡುತ್ತೇನೆ ಎಂದೆ. ಇಷ್ಟೆಲ್ಲ ಆಗಿದೆ, ಒಂದು ದಿನ ನನ್ನದೂ ಇರಲಿ.

“ನಿನಗ ಬ್ಯಾಡ” ಎಂದರು. “ನಿಂದು ಗಾಯ. ಡಾಕ್ಟರ್ ಹೇಳಿದ್ದು ಕೇಳಿದಿಲ್ಲ? ನಂದು ಏನಂತ ಗೊತ್ತಿಲ್ಲ, ಅದಕ್ಕ ನಾ ಮಾಡ್ತೀನಿ. ನೀ ಗುಳಿಗಿ ಬಿಡಬ್ಯಾಡ.”

ಅದೇ ಪಂಚಮಿಯ ಬೆಳಿಗ್ಗೆ ನಾನು ಹೊರಗಾದೆ. ಇದು ನಿಜವಾದದ್ದು. ಹೆರಿಗೆಯ ನಂತರ ನನಗೆ ಮುಟ್ಟು ಮರಳಿದ್ದು ಎಂದರೆ ಅಂದೇ. ಹದವಾಗಿತ್ತು, ಹೊಟ್ಟೆ ಸಣ್ಣಗೆ ನೋಯುತ್ತಿತ್ತು, ಹುಡುಗಿಯಾಗಿದ್ದಾಗಿನ ಹಾಗೆ. ಆದರೂ ಮೊದಲ ಕಲೆ ಕಂಡೊಡನೆ ಅರಿವೆಯನ್ನು ಬೆಳಕಿಗೆ ಹಿಡಿದು ಎರಡೆರಡು ಸಲ ನೋಡಿದೆ. ಹಿತ್ತಲ ಪಡಸಾಲೆಯಲ್ಲಿ ಚಾಪೆಯ ಮೇಲೆ ಗೋಡೆಗೆ ಒರಗಿ ಕುಳಿತೆ. ಹೊಳೆಯಿಂದ ಒದ್ದೆ ಸೀರೆಯಲ್ಲಿ ಬಂದ ಅತ್ತೆ, ಪೂಜೆಗೆ ಹೂವು ಕೊಯ್ಯಲು ಹಿತ್ತಲಿಗೆ ಬಂದು ನನ್ನನ್ನು ಚಾಪೆಯ ಮೇಲೆ ಕಂಡರು. ನಿಂತರು. ಅಂಬೆಗಾಲಿಡಲು ಕಲಿತಿದ್ದ ಕೂಸು ರೇಷ್ಮೆಯಂಗಿಯಲ್ಲಿ ನಮ್ಮಿಬ್ಬರ ನಡುವೆ ಹರಿದಾಡುತ್ತಿತ್ತು. ಕಸೆ ಈಗ ಮೊದಲಿನ ಗುರುತಿಗೆ ಬಂದಿತ್ತು.

ಅತ್ತೆ ಹೂವಿನ ಬುಟ್ಟಿಯನ್ನು ಕಟ್ಟೆಯ ಮೇಲೆ ಇಟ್ಟರು. ನೇರವಾಗಿ ನನ್ನ ಚಾಪೆಯ ಮೇಲೆ ಬಂದು ಕುಳಿತರು, ಒದ್ದೆ ಮಡಿಯಲ್ಲಿ. ಒಂದು ಕೈಯಿಂದ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ಡಾಕ್ಟರಬಾಯಿ ಮಾಡಿದ ಹಾಗೆಯೇ, ಹೆಬ್ಬೆರಳಿನಿಂದ ನನ್ನ ಕಣ್ಣರೆಪ್ಪೆಯನ್ನು ಕೆಳಕ್ಕೆ ಎಳೆದು ನೋಡಿದರು. ಹೊಳೆಯ ನೀರಿಗೆ ಅವರ ಬೆರಳು ತಣ್ಣಗಿತ್ತು. ಇನ್ನೊಂದು ಕಣ್ಣನ್ನೂ ನೋಡಿದರು.

“ಕೆಂಪು ಬಂದದ” ಎಂದರು.

ಆಮೇಲೆ ಎದ್ದು, ಏನೂ ಆಗದವರಂತೆ ಬಚ್ಚಲಿಗೆ ಹೋದರು. ಅವರು ಮತ್ತೆ ತಲೆಯ ಮೇಲೆ ನೀರು ಸುರಿದುಕೊಳ್ಳುವ ಸದ್ದನ್ನು ಕೇಳುತ್ತ, ನಾನೂ ಕೂಸೂ ಚಾಪೆಯ ಮೇಲೆ ಕುಳಿತಿದ್ದೆವು.